ನಲವತ್ತು ಹೆಜ್ಜೆ ಜಾಸ್ತಿ

ಡಾಕ್ಟರು ಬರೆದುಕೊಟ್ಟದ್ದು ಎರಡು ಮಾತ್ರೆ,
ದಿನಕ್ಕೆ ನಾಲ್ಕು ಸಾವಿರ ಹೆಜ್ಜೆ.
ಮೂವತ್ತೊಂದು ವರ್ಷ ಹೊಲಿಗೆ ಮಿಷನ್ನಿನ ಪೆಡಲ್ಲು ತುಳಿದು
ಎಷ್ಟು ದೂರ ನಡೆದಿದ್ದೇನೋ ನಾನು, ಸ್ವಾಮಿ,
ಕೂತಲ್ಲೇ.
ಅದು ಲೆಕ್ಕಕ್ಕಿಲ್ಲವಂತೆ.

ಸರಿ, ಗುಡಿಬಂಡೆ ಪೇಟೆ ಇನ್ನೂ ಕಣ್ಣುಜ್ಜುವ ಹೊತ್ತಿಗೆ
ಕೊರಳಿನ ಟೇಪು ತೆಗೆಯುವುದನ್ನೂ ಮರೆತು
ಭೈರಸಾಗರದ ಏರಿ ಹಿಡಿದೆ.
ಬೆಟ್ಟದ ಮೇಲಿಂದ ನೋಡಿದರೆ ಈ ಕೆರೆ
ಭಾರತದ ಭೂಪಟದ ಹಾಗೆ ಕಾಣುತ್ತದಂತೆ.
ನಾನು ಹತ್ತಿ ನೋಡಿದವನಲ್ಲ.
ಕೆಳಗಿಂದ ಕಾಣುವುದು ನೀರು, ಜೊಂಡು,
ಜೊಂಡಿನ ತುದಿಗೆ ತೂಗುವ ಒಂದು ತೊಟ್ಟು ನೀಲಿ,
ಮಿಂಚುಳ್ಳಿ.

ಮೊದಲ ವಾರ ಹೆಜ್ಜೆ ಎಣಿಸಿದೆ.
ಎಂಟುನೂರು, ಎಂಟುನೂರ ಹತ್ತು...
ಅಷ್ಟರಲ್ಲಿ ಕಾಜಾಣವೊಂದು ತಂತಿಯಿಂದ ಜಾರಿ
ಗಾಳಿಯಲ್ಲೇ ಹುಳ ಕಚ್ಚಿ ಮತ್ತೆ ಅದೇ ತಂತಿಗೆ.
ಕತ್ತರಿಯಂಥ ಬಾಲ. ನನ್ನದಕ್ಕಿಂತ ಹರಿತ.
ಎಣಿಕೆ ತಪ್ಪಿತು. ಮತ್ತೆ ಒಂದರಿಂದ.
ಆಮೇಲಾಮೇಲೆ ತಪ್ಪುವುದಕ್ಕೆಂದೇ ಎಣಿಸತೊಡಗಿದೆ.

ತಂಗಡಿ ಹೂವಿನ ಹಳದಿಗೆ ಹೊಂದುವ ದಾರ
ನನ್ನ ಪೆಟ್ಟಿಗೆಯಲ್ಲಿಲ್ಲ, ಹಿಂದೂಪುರದ ಅಂಗಡಿಯಲ್ಲೂ ಇರಲಿಲ್ಲ,
ಹೂ ಹಿಡಿದುಕೊಂಡೇ ಹೋಗಿ ಕೇಳಿದೆ.
ಜಾಲಿಮುಳ್ಳಿಗೆ ಮಿಡತೆಯೊಂದನ್ನು
ಗುಂಡುಸೂಜಿ ಚುಚ್ಚಿದಂತೆ ಸಿಕ್ಕಿಸಿಟ್ಟು
ಎಲ್ಲೋ ಹೋಗಿದೆ ಕಳಿಂಗ ಹಕ್ಕಿ,
ಉಳಿದ ಕೆಲಸ ಸಂಜೆಗೆ ಎಂಬಂತೆ.
ತೂಬಿನ ಪಕ್ಕದ ಅತ್ತಿಗಿಡದಲ್ಲಿ ಸಿಂಪಿಗ,
ನನ್ನ ಕಸುಬಿನ ಹೆಸರು ಹೊತ್ತ ಹಿಡಿಯಷ್ಟು ಪ್ರಾಣಿ,
ಎರಡೆಲೆ ಸೇರಿಸಿ ಹೊಲಿದಿದೆ.
ಗಂಟು ಕಾಣಲಿಲ್ಲ. ಆದರೂ ನಿಂತಿದೆ.
ಮುಟ್ಟಿ ನೋಡಲು ಹೋದ ಕೈ ಹಿಂತೆಗೆದೆ:
ಅದು ಬೇರೆಯವರ ಅಂಗಡಿ.

ಮೇಕೆ ಹೊಡೆದುಕೊಂಡು ಬರುವ ಗಂಗುಲಪ್ಪ ಸಿಗುತ್ತಾನೆ ಕೆಲವು ದಿನ.
ಬಂದರೆ ಗಿಡದ ಬುಡದಿಂದ ಏನೋ ಪಟಪಟ ಎದ್ದಿತು.
ಗೌಜಲಕ್ಕಿ, ಅಂದೆ ನಾನು.
ಕೌಜುಪಿಟ್ಟ, ಅಂದ ಅವನು.
ಎರಡು ಹೆಸರೂ ಒಂದೇ ಬೇಲಿಯಲ್ಲಿ ನುಗ್ಗಿ
ಒಟ್ಟಿಗೇ ಮರೆಯಾದವು.

ಆವತ್ತು, ನೀರು ಹಿಂದೆ ಸರಿದ ಕಲ್ಲುನೆಲದಲ್ಲಿ
ಟಿಟ್ಟಿಭ ಬೈಯತೊಡಗಿತು.
ತಲೆಯ ಮೇಲೆ ಸುತ್ತಿ ಸುತ್ತಿ, ಮಗ್ಗುಲಾಗಿ, ಮತ್ತೆ ಎರಗಿ.
ನಾನೇನು ಮಾಡಿದೆ ಮಾರಾಯ್ತಿ, ಎನ್ನುತ್ತ
ಎತ್ತಿದ ಬಲಗಾಲು ಗಾಳಿಯಲ್ಲೇ ನಿಂತಿತು.
ನಾಲ್ಕು ಮೊಟ್ಟೆ. ಚೂಪುತುದಿ ಒಳಗೆ ಮಾಡಿ
ಕಲ್ಲಿನ ನಡುವೆ ಕಲ್ಲಿನಂತೆ, ಚುಕ್ಕೆ ಚೀಟಿನ ಬಟ್ಟೆಯಂತೆ.
ಗೂಡು ಅನ್ನುವಂಥದ್ದೇ ಇಲ್ಲ.
ನನ್ನ ಚಪ್ಪಲಿಗೂ ಅವಕ್ಕೂ ಒಂದೂವರೆ ಇಂಚು.
ಕಣ್ಣಳತೆಯಲ್ಲೇ ಹೇಳುತ್ತೇನೆ,
ಇದೊಂದರಲ್ಲಿ ನಾನು ತಪ್ಪುವವನಲ್ಲ.

ಮಾರನೆಯ ದಿನದಿಂದ ಎಮ್ಮೆದಾರಿ ಬಿಟ್ಟು
ಎಕ್ಕದ ಗಿಡ ಬಳಸಿ ಹೋಗುತ್ತೇನೆ.
ಯಾರಿಗೂ ಹೇಳಲಿಲ್ಲ.
ಗಂಗುಲಪ್ಪನ ಮೇಕೆಗಳೂ ಆಚೆಯಿಂದಲೇ ಇಳಿಯುತ್ತಿದ್ದವು,
ಅವನೂ ಹೇಳಿರಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ಮೊಟ್ಟೆ ಇರಲಿಲ್ಲ.
ಒಡೆದ ಚಿಪ್ಪೂ ಇಲ್ಲ, ಪುಕ್ಕವೂ ಇಲ್ಲ.
ಏರಿಯ ಕಲ್ಲುಸಂದಿಗೆ ಮುಂಗುಸಿಯೊಂದು ಸರಕ್ಕನೆ ನುಸುಳಿತು,
ಅದರ ಮೇಲೆ ಅನುಮಾನ ಪಡಲೂ ಬಾಯಿ ಬರಲಿಲ್ಲ.
ಆದರೆ ಟಿಟ್ಟಿಭ ಬೈಯುತ್ತಲೇ ಇತ್ತು,
ಮೊದಲಿನದಕ್ಕಿಂತ ಜೋರಾಗಿ, ಜೊಂಡಿನ ಕಡೆಯಿಂದ.
ಬೈಗುಳ ಇದೆ ಅಂದರೆ
ಕಾಯುವಂಥದ್ದು ಏನೋ ಇದೆ.

ಅಂಗಡಿಗೆ ಬಂದು ಕೂತರೆ ಪ್ಯಾಂಟಿನ ಅಂಚಿನ ತುಂಬ
ಉತ್ತರಣೆ ಬೀಜ, ಹುಲ್ಲಿನ ಮುಳ್ಳು.
ದಾರವಿಲ್ಲದೆ ಹೊಲಿದು ಕಳಿಸಿದೆ ಕೆರೆ.
ಒಂದೊಂದೇ ಬಿಡಿಸಿ ಬಾಗಿಲಾಚೆ ಎಸೆಯುತ್ತೇನೆ,
ಚರಂಡಿ ಪಕ್ಕ ಆಗಲೇ ಎರಡು ಸಸಿ ಎದ್ದಿವೆ.

ಸಕ್ಕರೆ ಸ್ವಲ್ಪ ಇಳಿದಿದೆ, ಅಂದರು ಡಾಕ್ಟರು.
ಎಷ್ಟು ನಡೀತಿದ್ದೀರಿ ಈಗ?
ನೀವು ಹೇಳಿದ್ದಕ್ಕಿಂತ
ನಲವತ್ತು ಹೆಜ್ಜೆ ಜಾಸ್ತಿ, ಅಂದೆ.
ಯಾಕೆ ಅಂತ ಅವರು ಕೇಳಲಿಲ್ಲ.